ಹನ್ನೊಂದು ನಿಮಿಷ

ಟೆಕ್ನಿಷಿಯನ್ ಇಂಜಿನಿಯರರ ಶವಪೆಟ್ಟಿಗೆಯ ಎಡಮೂಲೆಯ ಹಿಡಿಗೆ ಕೈ ಹಾಕಿದ್ದ. ಇನ್ನೇನು ಎತ್ತಬೇಕು, ಅಷ್ಟರಲ್ಲಿ ಒಬ್ಬ ಹೆಂಗಸು ಬಾಗಿಲಲ್ಲಿ ಬಂದು ನಿಂತಳು.

"ಸ್ವಲ್ಪ ತಡೀರಿ. ನಾನು ಪೈಲಟ್ ಮಗಳು."

ಯಾವ ಪೈಲಟ್ ಎಂದು ಯಾರೂ ಕೇಳಲಿಲ್ಲ. ಮೂವತ್ತು ವರ್ಷದಿಂದ ಆ ಮನೆಯಲ್ಲಿದ್ದದ್ದು ಒಬ್ಬನೇ ಪೈಲಟ್, ಅದೂ ಎಂದೋ ಸತ್ತವನು. ಇಂಜಿನಿಯರ್ ಊಟದ ನಡುವೆ ತುತ್ತು ತಡೆದು "ಬಂದನಾ?" ಎಂದು ಕೇಳುತ್ತಿದ್ದದ್ದು ಅವನನ್ನೇ. ಹೆಂಡತಿ ಮೊದಮೊದಲು ತಿರುಗಿ ಬಾಗಿಲು ನೋಡುತ್ತಿದ್ದರು. ಆಮೇಲಾಮೇಲೆ ಸುಮ್ಮನೆ ಬಡಿಸತೊಡಗಿದರು.

"ಮುಖ ನೋಡಿ ಹೋಗ್ತೀನಿ," ಎಂದಳು ಮಗಳು. "ನಮ್ಮಪ್ಪನ್ನ ಹುಡುಕೋದು ಬೇಡ, ಕಾಯಿರಿ ಅಂದೋರು ಹೇಗಿದ್ರು ಅಂತ."

"ನೋಡಮ್ಮಾ," ಎಂದು ಹೆಂಡತಿ ಪಕ್ಕಕ್ಕೆ ಸರಿದರು.

ಟೆಕ್ನಿಷಿಯನ್‌ನ ಕೈ ಹಿಡಿಯ ಮೇಲೇ ಇತ್ತು.

*

ಮೂವತ್ತು ವರ್ಷದ ಹಿಂದೆ ಇಂಜಿನಿಯರ್ ಕಟ್ಟುತ್ತಿದ್ದ ರಾಡಾರಿಗೊಂದು ಚಾಳಿಯಿತ್ತು. ಗುಡ್ಡ, ಕಟ್ಟಡಗಳಂಥ ನಿಂತದ್ದನ್ನೆಲ್ಲ ಅಳಿಸಿ, ಹತ್ತಿರ ಬರುವುದನ್ನು, ದೂರ ಹೋಗುವುದನ್ನು ಮಾತ್ರ ಅದು ಪರದೆಯಲ್ಲಿ ತೋರಿಸಬೇಕಿತ್ತು. ವಿಮಾನ ರಾಡಾರಿನ ಸುತ್ತಲೇ ತಿರುಗಿದರೆ ಅದನ್ನೂ ಗುಡ್ಡವೆಂದುಕೊಂಡು ಅಳಿಸಿಬಿಡುತ್ತಿತ್ತು. ಚುಕ್ಕಿ ಮಾಯ, ಸ್ವಲ್ಪ ಹೊತ್ತಿಗೆ ಮತ್ತೆ ಹಾಜರು. "ಗೂಬೆ ಸಾರ್, ಇದಕ್ಕೊಂದು ಕನ್ನಡಕ ಕೊಡಿಸಿ" ಎಂದು, ಹಗಲೆಲ್ಲ ಕತ್ತಲ ಕೋಣೆಯಲ್ಲಿರುತ್ತಿದ್ದ ಇಂಜಿನಿಯರರನ್ನು ಎಲ್ಲರೂ ಗೋಳು ಹೊಯ್ದುಕೊಳ್ಳುತ್ತಿದ್ದರು.

ರಾಡಾರಿನ ಪರೀಕ್ಷೆಗೆಂದು ಪೈಲಟ್ ವಿಮಾನ ಹಾರಿಸುತ್ತಿದ್ದ ಆ ದಿನ ಇಂಜಿನಿಯರ್ ಪಕ್ಕದ ಕೋಣೆಯಲ್ಲಿ ಫೋನಿನಲ್ಲಿದ್ದರು. "ಎಲ್ಲಪ್ಪಾ ಅವನು?" ಎಂದು ಅಲ್ಲಿಂದಲೇ ಕೂಗಿದರು.

"ತಿರುಗ್ತಿದಾನೆ ಸಾರ್. ಹುಡುಕೋದು ಬೇಡ, ಕಾಯಿರಿ, ಈಗ ಬರ್ತಾನೆ," ಎಂದ ಪರದೆ ಮುಂದಿದ್ದ ಟೆಕ್ನಿಷಿಯನ್.

ಹೀಗೇ ಹನ್ನೊಂದು ನಿಮಿಷ ಹೋಯಿತು. ವಿಮಾನ ಬಿದ್ದಿತ್ತು. ಹುಡುಕಿಕೊಂಡು ಹೋದವರು ಮುಟ್ಟಿದಾಗ ಪೈಲಟ್‌ನ ಮೈ ಇನ್ನೂ ಬೆಚ್ಚಗಿತ್ತು.

"ಪರದೆ ಮುಂದಿದ್ದದ್ದು ನಾನು," ಎಂದು ಇಂಜಿನಿಯರ್ ವಿಚಾರಣೆಯಲ್ಲಿ ಹೇಳಿಬಿಟ್ಟರು. ಹೊರಗೆ ಬಂದವರೇ ಟೆಕ್ನಿಷಿಯನ್‌ನನ್ನು ಗದರಿದರು: "ನಿನ್ನ ಮಕ್ಕಳಿನ್ನೂ ಚಿಕ್ಕವು. ಬಾಯಿ ಮುಚ್ಕೊಂಡಿರು." ಇಂಜಿನಿಯರರನ್ನು ಉಗ್ರಾಣದ ಕೆಲಸಕ್ಕೆ ಹಾಕಿದರು. ಅವರ ರಾಡಾರನ್ನು ಬೇರೆಯವರು ಮುಗಿಸಿದರು.

*

ಮಗಳು ಬಗ್ಗಿ ನೋಡಿದಳು. "ಇಷ್ಟು ಸಣ್ಣಗಿದ್ರಾ?" ಎಂದಳು.

ಇನ್ನೊಂದು ಗಂಟೆ ಬಾಯಿ ಬಿಗಿಹಿಡಿದರೆ ಎಲ್ಲ ಮಣ್ಣಾಗುತ್ತದೆ ಎಂದು ಟೆಕ್ನಿಷಿಯನ್‌ಗೆ ಗೊತ್ತಿತ್ತು. ಅವನಿಗೆ ಹೆದರಿಕೆ ಹುಟ್ಟಿದ್ದೇ ಅದರಿಂದ. ಈ ಮನೆಯಲ್ಲಿ ಕಾಯುವವರು ಇನ್ನಿಲ್ಲ. ನಾಳೆಯಿಂದ ಪೈಲಟ್ ತನ್ನ ಬಾಗಿಲಿಗೇ ಬರುತ್ತಾನೆ.

"ಕಾಯಿರಿ ಅಂದದ್ದು ಅವರಲ್ಲಮ್ಮಾ," ಎಂದ. "ಪರದೆ ಮುಂದಿದ್ದದ್ದು ನಾನು."



"ಮೂವತ್ತು ವರ್ಷ," ಎಂದರು ಹೆಂಡತಿ. "ಅವರ ಎದುರಿಗೇ ಕೂತು ಊಟ ಮಾಡ್ಕೊಂಡು ಹೋದ್ಯಲ್ಲೋ."

ಅವರು ಹತ್ತಿರ ಬಂದು, ಹಿಡಿಯ ಮೇಲಿದ್ದ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಪೈಲಟ್‌ನ ಮಗಳು ಹೆಗಲ ಚೀಲವನ್ನು ಕೆಳಗಿಟ್ಟು, ಆ ಮೂಲೆಗೆ ಬಂದು ಬಗ್ಗಿ ಹಿಡಿಗೆ ಕೈ ಹಾಕಿದಳು.