ಹೋಗುವಷ್ಟು ಚಾರ್ಜು

ಮೊದಲನೇ ವಾಕ್ಯವೇ ಕೈಕೊಟ್ಟಿತು. 'ಒಂದು ಊರಿನಲ್ಲಿ ಎರಡು ಕಾರುಗಳಿದ್ದವು' ಅಂತ ಬರೆದೆ. ಓದಿದರೆ ಕಾರುಗಳೇ ಮಾತಾಡುವ ಮಕ್ಕಳ ಕಥೆಯ ಹಾಗಿತ್ತು, ಹೊಡೆದುಹಾಕಿದೆ. 'ಶಿವಲೀಲಾ ಟೀಚರ್ ರಿಟೈರಾದ ಮೇಲೆ ಡ್ರೈವಿಂಗ್ ಕಲಿತರು' ಅಂತ ಇನ್ನೊಂದು ಬರೆದೆ. ಅದು ಶಿಕ್ಷಕರ ಸಂಘದ ಸನ್ಮಾನ ಪತ್ರದಂತಿತ್ತು, ಶಾಲು ಹಾರ ಮಾತ್ರ ಕಮ್ಮಿ. ಅದೂ ಹೋಯ್ತು. ಮೂರನೆಯ ಸಲ ಬರೀ ಒಂದು ಸದ್ದು ಬರೆದೆ. ಸದ್ದನ್ನು ಹೊಡೆದುಹಾಕಲು ಮನಸ್ಸು ಬರಲಿಲ್ಲ, ಹಾಗಾಗಿ ಅಲ್ಲಿಂದಲೇ ಹೊರಡುತ್ತೇನೆ. ಕಾರಿನ ಕಥೆ ಅಂತ ಬಂದವರು ನೇರ ನಾಲ್ಕಕ್ಕೆ ಹೋಗಬಹುದು, ನನಗೇನೂ ಬೇಜಾರಿಲ್ಲ. (ಇದೆ.)

1

ಪೀಂ ಪೀಂ.

ಇದು ಮಹೇಶ್ವರಪ್ಪನವರ ಹಾರ್ನು. ನ್ಯಾಮತಿಯಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿರುವ, ಬೇರೆಯವರ ಮನೆಯ ಹಾಸಿಗೆಯಲ್ಲಿ ಜನ್ಮದಲ್ಲಿ ನಿದ್ದೆ ಮಾಡದ ಮನುಷ್ಯ. ಜಗಳೂರಿನಾಚೆಯ ಸೊಕ್ಕೆಯಲ್ಲಿ ಒಂದು ಬೇವಿನ ಮರದ ಕೆಳಗೆ ಡೀಸೆಲ್ ಕಾರು ನಿಲ್ಲಿಸಿ, ಕೆಳಗಿಳಿಯದೆ, ಎರಡು ಸಲ ಒತ್ತುತ್ತಾರೆ. ಮೂರನೆಯದು ಒತ್ತುವ ಪ್ರಸಂಗ ಬಂದಿಲ್ಲ. ಎರಡಕ್ಕೇ ಅವರ ಹೆಂಡತಿ ಶಿವಲೀಲಾ ಸೆರಗು ಸರಿಮಾಡಿಕೊಂಡು ಚೌಡಕ್ಕನ ಮನೆಯಿಂದ ಎದ್ದು ಬರುತ್ತಾರೆ.

ಚೌಡಕ್ಕ ಶಿವಲೀಲಾ ಅವರ ಗೆಳತಿ. ನಲವತ್ತು ವರ್ಷದ ಹಿಂದೆ ದಾವಣಗೆರೆಯಲ್ಲಿ ಟಿ.ಸಿ.ಎಚ್. ಓದುವಾಗ ಹಾಸ್ಟೆಲಿನಲ್ಲಿ ಮಂಚಕ್ಕೆ ಮಂಚ ಸೇರಿಸಿ ಒಂದೇ ಸೊಳ್ಳೆಪರದೆಯೊಳಗೆ ಮಲಗಿದವರು. ಆಮೇಲೆ ಒಬ್ಬಳು ಮದುವೆಯಾಗಿ ನ್ಯಾಮತಿಗೆ ಬಂದಳು, ಇನ್ನೊಬ್ಬಳು ಮದುವೆಯಾಗದೆ ಸೊಕ್ಕೆಯ ಶಾಲೆಗೆ ಹೋದಳು. ಇಬ್ಬರೂ ಮೇಷ್ಟ್ರಿಕೆ ಮಾಡಿ ಮುಗಿಸಿ ಈಗ ರಿಟೈರಾಗಿದ್ದಾರೆ. ಈ ನಲವತ್ತು ವರ್ಷದಲ್ಲಿ ಒಂದೇ ಒಂದು ರಾತ್ರಿ ಒಂದೇ ಮನೆಯಲ್ಲಿ ಕಳೆದಿಲ್ಲ.

2

ವರ್ಷಕ್ಕೊಮ್ಮೆ ಭೇಟಿ. ಮುದ್ದೆ, ಹುರುಳಿಕಟ್ಟಿನ ಸಾರು. ಊಟವಾಗಿ ಕೈತೊಳೆದ ಮೇಲೆ ಚೌಡಕ್ಕ ಗೋಡೆಗೆ ಬೆನ್ನು ಕೊಟ್ಟು ಕೂತು, "ಲೀಲಾ, ನಿನಗೊಂದು ಹೇಳಬೇಕು ಕಣೇ" ಅನ್ನುತ್ತಾಳೆ. ಹಾಸ್ಟೆಲ್ ಬಿಟ್ಟ ದಿನದಿಂದ ಶುರು. ವಾರ್ಡನ್ ಕೊಟ್ಟ ಟೀ ಟೀಯಂತಿರಲಿಲ್ಲ, ಕಷಾಯದಂತಿತ್ತು. ಆಟೋದವನು ಜಗಳ ತೆಗೆದ. ಬಸ್ ಸ್ಟ್ಯಾಂಡಿಗೆ ಬಂದರು. ಶಿವಲೀಲಾ ಟ್ರಂಕು ಕೆಳಗಿಳಿಸಿದರು. ಆಗ ಚೌಡಕ್ಕ...

ಪೀಂ ಪೀಂ.

ಮುಂದಿನ ವರ್ಷ ಟ್ರಂಕಿನಿಂದ ಮುಂದುವರಿಸಿದರೆ ಆಗಿತ್ತು. ಆದರೆ ಚೌಡಕ್ಕ ನಡುವಿನಿಂದ ಹೇಳುವ ಪೈಕಿ ಅಲ್ಲ. ಮತ್ತೆ ವಾರ್ಡನ್, ಮತ್ತೆ ಕಷಾಯ, ಮತ್ತೆ ಆಟೋ, ಟ್ರಂಕು, ಹಾರ್ನು. ಬಸ್ಸಿನಲ್ಲಿ ಬರುತ್ತಿದ್ದ ಕಾಲದಲ್ಲಿ ಕೊನೇ ಬಸ್ಸಿಗೆ ಒಂದು ಟೈಮಾದರೂ ಇತ್ತು. ಕಾರು ಬಂದಮೇಲೆ ಮಹೇಶ್ವರಪ್ಪನವರಿಗೆ ಯಾವಾಗ ಬೇಜಾರಾಗುತ್ತದೋ ಅದೇ ಟೈಮು.

ಫೋನಿನಲ್ಲಿ ಹೇಳಬಹುದಲ್ಲ ಅಂತ ಯಾರೋ ಹಿಂದಿನ ಸಾಲಿನಿಂದ ಕೇಳುತ್ತಿದ್ದೀರಿ. ಚೌಡಕ್ಕ ಫೋನನ್ನು ತಟ್ಟೆಯ ಹಾಗೆ ಹಿಡಿದು ಸ್ಪೀಕರಿನಲ್ಲಿ ಮಾತಾಡುವವಳು. ಅವಳು ಫೋನಿನಲ್ಲಿ ಹೇಳಿದ್ದು ಇಡೀ ಕೇರಿಗೆ ಹೇಳಿದಂತೆ.

3

ಈ ಭಾಗ ಮೂರು ಸಲ ಬರೆದು ಮೂರು ಸಲ ಕೈಬಿಟ್ಟಿದ್ದೇನೆ. ಟ್ರಂಕಿನ ಮುಂದೆ ಏನಿದೆ ಅಂತ ಊಹಿಸುವ ಭಾಗ ಇದು. ಒಂದು ಡ್ರಾಫ್ಟಿನಲ್ಲಿ ಚೌಡಕ್ಕ ಒಂದು ಕಾಗದ ಬಚ್ಚಿಟ್ಟಿದ್ದಳು. ಇನ್ನೊಂದರಲ್ಲಿ ಅವಳಿಗೆ ಕಾಯಿಲೆ. ಮೂರನೆಯದರಲ್ಲಿ ನೀವು ಈಗ ಅಂದುಕೊಂಡಿರಲ್ಲ, ಅದೇ. ಶಿವಲೀಲಾ ಮೂರನ್ನೂ ತರಿಸಿಕೊಂಡು ಓದಿದರು. ಹೆಡ್ಮಿಸ್ ಆಗಿ ರಿಟೈರಾದವರು, ಪರ್ಸಿನಲ್ಲಿ ಇನ್ನೂ ಕೆಂಪು ಪೆನ್ನಿದೆ. ಮೂರಕ್ಕೂ ಅಡ್ಡಗೆರೆ ಎಳೆದು, ಗೊತ್ತಿಲ್ಲದ್ದನ್ನು ಗೊತ್ತಿದ್ದಂಗೆ ಬರೆಯೋ ಚಾಳಿ ಐದನೇ ಕ್ಲಾಸಿಗೇ ಬಿಡಿಸ್ತಿದ್ದೆ ಅಂದರು.

ನನಗೂ ಸಿಟ್ಟು ಬಂತು. ಇಷ್ಟೆಲ್ಲ ಯಾಕೆ, ಗಂಡನ ಹತ್ತಿರ 'ಒಂದು ರಾತ್ರಿ ಉಳಿದು ಬರುತ್ತೇನೆ' ಅಂತ ಹೇಳಿಬಿಡಿ, ನನ್ನ ಕಥೆಯೂ ಇಲ್ಲಿಗೇ ಮುಗಿದು ಇಬ್ಬರಿಗೂ ಪುಣ್ಯ ಬರಲಿ ಅಂದೆ. ಅವರು ಪೆನ್ನಿನ ಕ್ಯಾಪ್ ಹಾಕಿದರು.

"ಕೇಳಿದ್ರೆ ಬ್ಯಾಡ ಅನ್ನಲ್ಲ ಅವರು. ಯಾಕೆ ಅಂತ ಕೇಳ್ತಾರೆ. ಯಾಕೆ ಅನ್ನಾಕೆ ನನ್ನ ಹತ್ರ ಉತ್ತರ ಇಲ್ಲ ಕಣ್ರೀ."

 ಮದುವೆಯಾಗಿ ಮೂವತ್ತೇಳು ವರ್ಷ ಯಾರ ಮನೆಯಲ್ಲೂ ಉಳಿಯದೆ ಸಂಜೆಗೆ ವಾಪಸಾದ ಹೆಂಗಸು, ಬರೀ ಒಂದು ಮಾತು ಪೂರ್ತಿ ಕೇಳಲು ಉಳಿಯಬೇಕು ಅಂದರೆ ಯಾರಿಗೆ ಅರ್ಥವಾಗುತ್ತದೆ?

4

ಈಗ ಕಾರು. ಮೂರನ್ನೂ ಹಾರಿಸಿ ಬಂದವರಿಗೂ ಸ್ವಾಗತ.

ರಿಟೈರಾದಾಗ ಬಂದ ದುಡ್ಡಿನಲ್ಲಿ ಶಿವಲೀಲಾ ಒಂದು ಕಾರು ತಗೊಳ್ಳಬೇಕೆಂದು ತೀರ್ಮಾನಿಸಿದರು. ತಮ್ಮದೇ ಕಾರು, ತಾವೇ ಓಡಿಸುವುದು. ಕರೆಂಟಿನದೇ ಆಗಲಿ ಅಂದದ್ದು ಮಹೇಶ್ವರಪ್ಪ. ಕರೆಂಟಿನ ವಿಷಯದಲ್ಲಿ ಆತ ದೇವರಿಗಿಂತ ಒಂದು ಮೆಟ್ಟಿಲು ಕೆಳಗೆ, ಅಷ್ಟೇ. ಒಂದು ಪುಟ್ಟ ಕಾರು ಇಬ್ಬರಿಗೂ ಒಪ್ಪಿಗೆಯಾಯಿತು. (ಕಂಪನಿ ಹೆಸರು ಹೇಳುವುದಿಲ್ಲ. ಅವರು ನನಗೇನೂ ಕೊಟ್ಟಿಲ್ಲ.) ತಕರಾರು ಬಂದದ್ದು ಯಾವ ಮಾಡೆಲ್ ಅನ್ನುವಲ್ಲಿ.

ಹೊಸದಾಗಿ ಅಪ್ಡೇಟ್ ಆದ ಮಾಡೆಲಿಗೆ ದೊಡ್ಡ ಬ್ಯಾಟರಿ. ಒಂದು ಸಲ ಚಾರ್ಜ್ ಮಾಡಿದರೆ ನ್ಯಾಮತಿಯಿಂದ ಸೊಕ್ಕೆಗೆ ಹೋಗಿ, ಮುದ್ದೆ ಉಂಡು, ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರಬಹುದು. ಸಾಲದಿದ್ದರೆ ದಾರಿಯಲ್ಲಿ ಫಾಸ್ಟ್ ಚಾರ್ಜಿಂಗ್, ಒಂದು ಕಾಫಿ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ಮೇಲಾಗಿ ಒಂದು ಆ್ಯಪ್. ಕಾರು ಎಲ್ಲಿದೆ, ಎಷ್ಟು ಚಾರ್ಜಿದೆ, ಎಷ್ಟು ಹೊತ್ತಿನಿಂದ ನಿಂತಿದೆ ಎಲ್ಲ ಮಹೇಶ್ವರಪ್ಪ ಅಂಗಡಿಯಲ್ಲಿ ಕೂತೇ ನೋಡಬಹುದು. ಆ್ಯಪಿನಿಂದಲೇ ಹಾರ್ನ್ ಕೂಡ ಹೊಡೆಯಬಹುದು ಅಂತ ಷೋರೂಮಿನ ಹುಡುಗಿ ಹೆಮ್ಮೆಯಿಂದ ತೋರಿಸಿದಳು. ಶಿವಲೀಲಾ ಕೈಯಲ್ಲಿದ್ದ ಬ್ರೋಷರನ್ನು ಮಡಿಸಿ ಟೇಬಲ್ಲಿನ ಮೇಲೆ ವಾಪಸ್ ಇಟ್ಟರು.

ಮಹೇಶ್ವರಪ್ಪ ಖುಷಿಯಾದರು. "ಹೋಗಿ ಬರುತ್ತೆ. ಅಷ್ಟು ಸಾಕು" ಅಂದರು.

ಹಳೇ ಮಾಡೆಲ್ ಒಂದು ಚನ್ನಗಿರಿಯಲ್ಲಿ ಮಾರಾಟಕ್ಕಿದೆ ಅಂತ ಶಿವಲೀಲಾ ಪೇಪರಿನಲ್ಲಿ ನೋಡಿದ್ದು ಅದರ ಮಾರನೇ ದಿನ.

4, ಮತ್ತೆ

(ಓದುಗರೊಬ್ಬರ ಸಲಹೆ: ಹೊಸ ಕಾರು ತಗೊಂಡು, ಸೊಕ್ಕೆಯಲ್ಲಿ ಬ್ಯಾಟರಿ ಖಾಲಿಯಾಯ್ತು ಅಂತ ಸುಳ್ಳು ಹೇಳಿದರಾಯಿತಲ್ಲ? ಆ್ಯಪ್ ಇದೆ ಸ್ವಾಮಿ. ಸರಿಯಾಗಿ ಓದಿ.)

5

ಹೊನ್ನಾಳಿಯಲ್ಲಿ ಬಸ್ ಬದಲಿಸಿ ಶಿವಲೀಲಾ ಒಬ್ಬರೇ ಚನ್ನಗಿರಿಗೆ ಹೋದರು. ಕಾರಿನ ಯಜಮಾನ ಪ್ರಸನ್ನಕುಮಾರ್ ಅಡಿಕೆ ವ್ಯಾಪಾರಿ, ಬಾಯಲ್ಲಿ ಎಂದೂ ಇಲ್ಲ ಅನ್ನುವ ಮಾತೇ ಬಾರದ ಆಸಾಮಿ. ಕಾರು ತೊಳೆದು, ಒಳಗೆ ಊದುಬತ್ತಿ ಹಚ್ಚಿ ಇಟ್ಟಿದ್ದರು. ಎಲ್ಲಿಗೆ ಓಡಾಡಾಕೆ ಮೇಡಂ ಅಂತ ಕೇಳಿದರು. ಸೊಕ್ಕೆಗೆ ಅಂದರು ಶಿವಲೀಲಾ. ಪ್ರಸನ್ನಕುಮಾರ್ ನಕ್ಕುಬಿಟ್ಟರು. ಅದೇನು ದೂರ, ಬೆಳಿಗ್ಗೆ ಹೋಗಿ ಸಂಜೆ ಕಾಫಿಗೆ ಮನೇಲಿರ್ತೀರಿ, ಮಿಕ್ಕ ಚಾರ್ಜಿನಲ್ಲಿ ಸವಳಂಗಕ್ಕೂ ಒಂದು ರೌಂಡು ಹೊಡೀಬಹುದು ಅಂದರು.

ಶಿವಲೀಲಾ ಕಾರಿನ ಬಾಗಿಲು ಮುಚ್ಚಿಬಿಟ್ಟರು. ಇದಕ್ಕಾ ಎರಡು ಬಸ್ ಹತ್ತಿ ಬಂದೆ ಅಂತ ಅಳು ಬಂದಂತಾಯಿತು. ಪ್ರಸನ್ನಕುಮಾರ್ ಗಾಬರಿಯಾದರು. ಸೀಟಿನ ಕವರ್ ಹೊಸದು ಅಂದರು, ಎ.ಸಿ. ಹಾಕಿ ತೋರಿಸಿದರು. ವ್ಯಾಪಾರಿಯೊಬ್ಬ ಮಾಲನ್ನು ಹೊಗಳಿದಷ್ಟೂ ಗಿರಾಕಿ ಹಿಂದೆ ಸರಿಯುವ ದೃಶ್ಯ ನಾನು ಬೇರೆಲ್ಲೂ ಬರೆದಿಲ್ಲ. ಹಾಗಾಗಿ ಇದನ್ನು ಇನ್ನೊಂದು ಪುಟ ಎಳೆಯೋಣ ಅಂತಿದ್ದೆ, ಶಿವಲೀಲಾ ಬಿಡಲಿಲ್ಲ. ಪಾಠ ಓದದೆ ಬಂದ ಹುಡುಗರನ್ನು ನೋಡುವ ನೋಟದಲ್ಲಿ ಆತನನ್ನು ನೋಡಿದರು.

"ನಿಜ ಹೇಳ್ರಿ. ಇದನ್ನ ಯಾಕೆ ಮಾರ್ತಿದೀರಿ?"

ಆ ನೋಟಕ್ಕೆ ನಿಂತವರಿಲ್ಲ. ಪ್ರಸನ್ನಕುಮಾರ್ ಎಲ್ಲ ಒಪ್ಪಿಕೊಂಡರು. ಜಗಳೂರು ಕಡೆ ಒಂದು ನಾಮಕರಣಕ್ಕೆ ಹೋಗಿದ್ದರು. ವಾಪಸ್ ಬರುವಾಗ ದಾವಣಗೆರೆ ಇನ್ನೂ ಹದಿನೈದು ಕಿಲೋಮೀಟರ್ ಇದೆ ಅನ್ನುವಾಗ ಕಾರು ತಣ್ಣಗೆ ನಿಂತಿತು. ಹೆಂಡತಿ ರೇಷ್ಮೆ ಸೀರೆಯಲ್ಲಿ ಟ್ರ್ಯಾಕ್ಟರಿನ ಮೇಲೆ ಕೂತು ದಾವಣಗೆರೆ ಸೇರಿದರು. ಆವತ್ತಿನಿಂದ ಮನೆಯಲ್ಲಿ ಹೊಸ ಮಾಡೆಲಿನ ಜಪ.

"ಹೋಗಾಕೇನೋ ಹೋಗುತ್ತೆ ಮೇಡಂ. ಅದೇ ದಿನ ಬರಾಕಾಗಲ್ಲ."

ಫಾಸ್ಟ್ ಚಾರ್ಜಿಂಗ್ ಕೇಳಿದರು ಶಿವಲೀಲಾ. ಇದಕ್ಕೆ ಆ ತೂತೇ ಇಟ್ಟಿಲ್ಲ ಅಂದರು ಪ್ರಸನ್ನಕುಮಾರ್. ಮನೆ ಪ್ಲಗ್ಗೇ ಗತಿ, ಒಂಬತ್ತು ತಾಸು. ಆ್ಯಪ್? ಅದೂ ಇಲ್ಲ. ಇಷ್ಟು ಹೇಳಿ ವ್ಯಾಪಾರ ಕೆಟ್ಟಿತು ಅಂತ ಆತ ಊದುಬತ್ತಿ ಆರಿಸಲು ಬಗ್ಗಿದರು.

"ಇದೇ ಕೊಡ್ರಿ" ಅಂದರು ಶಿವಲೀಲಾ.

6

ಕಲಿಯುವಾಗ ಹಳೆಯದೇ ವಾಸಿ, ಎಲ್ಲಾದರೂ ಗುದ್ದಿದರೂ ಹೊಟ್ಟೆ ಉರಿಯುವುದಿಲ್ಲ ಅಂತ ಗಂಡನಿಗೆ ಹೇಳಿದರು. ಮಹೇಶ್ವರಪ್ಪ ಮೂರು ದಿನ ಗೊಣಗಿದರು. ನಾಲ್ಕನೇ ದಿನ ಬಾನೆಟ್ ಎತ್ತಿ ನೋಡಿದರು, ಬ್ಯಾಟರಿಯ ಪುಸ್ತಕ ಪೂರ್ತಿ ಓದಿದರು. ಆಮೇಲೆ ಗೊಣಗಲಿಲ್ಲ.

ನಿಜ ಹೇಳಬೇಕೆಂದರೆ ಇಲ್ಲಿ ಒಂದು ದೊಡ್ಡ ಜಗಳ ಯೋಜಿಸಿದ್ದೆ. ಜನವರಿಯ ಒಂದು ಬೆಳಿಗ್ಗೆ, ಶಿವಲೀಲಾ ಬ್ಯಾಗು ಹಿಡಿದು 'ಚೌಡಕ್ಕನ ಮನೆಗೆ ಹೋಗಿ ಬರ್ತೀನಿ' ಅನ್ನುತ್ತಾರೆ. ಬ್ಯಾಗಿನಿಂದ ಟೂತ್ ಬ್ರಷ್ ಜಾರಿ ಬೀಳುತ್ತದೆ. ಮಹೇಶ್ವರಪ್ಪ ಅದನ್ನು ಎತ್ತಿಕೊಂಡು ಯಾಕೆ ಅಂತ ಕೇಳುತ್ತಾರೆ. ಮೂವತ್ತೇಳು ವರ್ಷದ್ದೆಲ್ಲ ಹೊರಗೆ ಬರುತ್ತದೆ. ಒಳ್ಳೆಯ ದೃಶ್ಯ, ಡೈಲಾಗೆಲ್ಲ ತಯಾರಿತ್ತು.

ಬ್ರಷ್ ಬಿತ್ತು. ಮಹೇಶ್ವರಪ್ಪ ಅದನ್ನು ನೋಡಿದರು, ಎತ್ತಲಿಲ್ಲ. ಅಂಗಡಿಯ ಕಡೆ ಹೋದರು. ಶಿವಲೀಲಾ ಬ್ರಷ್ ಎತ್ತಿ ಬ್ಯಾಗಿಗೆ ಹಾಕಿಕೊಂಡರು, ನಾನು ಡೈಲಾಗು ಹಿಡಿದುಕೊಂಡು ಕಾದೆ. ವಾಪಸ್ ಬರುವಾಗ ಅವರ ಹೆಗಲ ಮೇಲೆ ಸುರುಳಿ ಸುತ್ತಿದ ದಪ್ಪ ವೈರು, ಒಂದು ತುದಿಗೆ ಹದಿನಾರು ಆಂಪ್ಸಿನ ಪ್ಲಗ್ಗು, ಇನ್ನೊಂದು ತುದಿಗೆ ಬಾಕ್ಸು. ಡಿಕ್ಕಿ ತೆಗೆದು ಅದನ್ನು ಒಳಗಿಟ್ಟರು.

"ಆ ಬೇವಿನ ಮರದಿಂದ ಬಾಗಿಲಿಗೆ ಹದಿನೆಂಟು ಹೆಜ್ಜೆ ಐತೆ. ಸಣ್ಣ ವೈರು ಸಾಲಲ್ಲ, ಬಿಸಿ ಆಗುತ್ತೆ."

ಇಷ್ಟು ವರ್ಷ ಆ ಮರದ ಕೆಳಗೆ ಕೂತು ಹೆಂಡತಿ ನಡೆದು ಬರುವುದನ್ನು ನೋಡಿದವರಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ. ಶಿವಲೀಲಾ ಏನಾದರೂ ಹೇಳಬೇಕು ಅಂತ ಬಾಯಿ ತೆಗೆಯುವಷ್ಟರಲ್ಲಿ ಆ ಮನುಷ್ಯ ಗ್ಯಾಸ್ ಯಾವ ಕಡೆ ತಿರುಗಿಸಿದರೆ ಆರುತ್ತದೆ ಅಂತ ಕೇಳಿ ಎಲ್ಲ ಹಾಳುಮಾಡಿದರು. ಬಲಕ್ಕೆ ಅಂತ ಹೇಳಿ ಶಿವಲೀಲಾ ಕಾರು ಹತ್ತಿದರು. ಯಾಕೆ ಅಂತ ಆತ ಕೇಳಲೇ ಇಲ್ಲ.

(ನನ್ನ ಜಗಳದ ಡೈಲಾಗುಗಳು ಯಾರಿಗಾದರೂ ಬೇಕಿದ್ದರೆ ತಿಳಿಸಿ.)

7

ಹಿಂದಿನ ಸೀಟಿನಲ್ಲಿ ನಾನು ಮತ್ತು ನೀವು ಕೂತಿದ್ದೇವೆ. ಎ.ಸಿ. ಇಲ್ಲ, ಚಾರ್ಜು ಉಳಿಸಬೇಕು. ಸ್ಪೀಡು ನಲವತ್ತೈದು. ಹೊನ್ನಾಳಿ ಸೇತುವೆಯ ಮೇಲೆ ಒಂದು ಭತ್ತದ ಲಾರಿ ಹಿಂದಿನಿಂದ ಹಾರ್ನ್ ಹೊಡೆದೇ ಹೊಡೆಯಿತು. ಶಿವಲೀಲಾ ಕನ್ನಡಿಯಲ್ಲಿ ನೋಡಿ, ಅವಸರ ಇದ್ರೆ ನಿನ್ನೆ ಹೊರಡಬೇಕಿತ್ತು ಅಂದರು. ಜಗಳೂರು ದಾಟಿದ ಮೇಲೆ ರಸ್ತೆಯ ತುಂಬ ಹುರುಳಿ ಹರಡಿದ್ದರು, ಹೋಗುವ ಬರುವ ಗಾಡಿಗಳೇ ಒಕ್ಕಣೆ ಮಾಡಲಿ ಅಂತ. ಈ ಕಾರಿನ ತೂಕಕ್ಕೆ ಎಷ್ಟು ಕಾಳು ಉದುರಿತೋ ಗೊತ್ತಿಲ್ಲ. ಹೊಟ್ಟು ಮಾತ್ರ ಚಕ್ರಕ್ಕೆ ಸುತ್ತಿಕೊಂಡು ಸೊಕ್ಕೆಯವರೆಗೂ ಬಂತು.

ಬೇವಿನ ಮರದ ಕೆಳಗೆ ನಿಂತಾಗ ಚಾರ್ಜು ಇಪ್ಪತ್ತಮೂರು ಪರ್ಸೆಂಟ್.

ಚೌಡಕ್ಕ ಹೊರಗೆ ಬಂದಳು. ಡ್ರೈವರ್ ಸೀಟಿನಿಂದ ಇಳಿದವರನ್ನು ನೋಡಿದಳು, ಪಕ್ಕದ ಸೀಟು ಖಾಲಿಯಿದ್ದುದನ್ನು ನೋಡಿದಳು. ಇಬ್ಬರೂ ಸೇರಿ ವೈರು ಎಳೆದರು. ಬಾಗಿಲು ದಾಟಿ, ಪಡಸಾಲೆಯ ಪ್ಲಗ್ಗಿಗೆ ಮುಟ್ಟಿ, ಎರಡು ಮೊಳ ಮಿಕ್ಕಿತು.

"ಎಷ್ಟೊತ್ತು ಬೇಕೇ ಇದಕ್ಕೆ?"

"ಬೆಳಗಿನ ತನಕ ಬೇಕು. ಕರೆಂಟ್ ಹೋದ್ರೆ ನಾಳೆ ರಾತ್ರಿನೂ."

ಚೌಡಕ್ಕ ಒಳಗೆ ಹೋಗಿ ಚಾಪೆ ಕೊಡವಿದಳು.

8

ಈಗ ಮುಕ್ತಾಯ ಬೇಕಲ್ಲ. ಮೂರು ಇಟ್ಟುಕೊಂಡಿದ್ದೇನೆ. ಒಂದು: ಕರೆಂಟ್ ಹೋಗುತ್ತದೆ, ಶಿವಲೀಲಾ ಮೂರು ದಿನ ಉಳಿಯುತ್ತಾರೆ, ನ್ಯಾಮತಿಯಲ್ಲಿ ಮಹೇಶ್ವರಪ್ಪ ಉಪ್ಪಿಟ್ಟು ಸೀಯಿಸುತ್ತಾರೆ. ಎರಡು: ಮಹೇಶ್ವರಪ್ಪ ಡೀಸೆಲ್ ಕಾರಿನಲ್ಲಿ ಬಂದುಬಿಡುತ್ತಾರೆ, ಮೊದಲ ಸಲ ಕೆಳಗಿಳಿಯುತ್ತಾರೆ. ಮೂರು: ಚೌಡಕ್ಕ ಹೇಳಿ ಮುಗಿಸುತ್ತಾಳೆ, ನಾನು ಕೇಳಿಸಿಕೊಳ್ಳುತ್ತೇನೆ, ನಿಮಗೆ ಹೇಳುತ್ತೇನೆ. ಮೂರನೆಯದೇ ನಿಮಗೆ ಬೇಕು. ನನಗೂ ಅದೇ ಬೇಕು. ಕಾರಿನ ಕಿಟಕಿ ಇಳಿಸಿ ಕಿವಿಗೊಟ್ಟೆ.

ವಾರ್ಡನ್ ಆಯಿತು. ಕಷಾಯ ಆಯಿತು. ಆಟೋದವನು ಜಗಳ ತೆಗೆದ. ಬಸ್ ಸ್ಟ್ಯಾಂಡು. ಶಿವಲೀಲಾ ಟ್ರಂಕು ಇಳಿಸಿದರು.

ಅಲ್ಲಿಗೆ ಚೌಡಕ್ಕನ ದನಿ ತಗ್ಗಿತು. ತುಟಿ ಅಲ್ಲಾಡುವುದು ಕಾಣುತ್ತದೆ, ಮಾತು ಕೇಳಿಸುವುದಿಲ್ಲ. ಶಿವಲೀಲಾ ಇನ್ನೂ ಹತ್ತಿರ ಸರಿದು ಕೂತರು. ನನಗೆ ತಡೆಯಲಾಗಲಿಲ್ಲ. ಪುಟ ಮುಗಿಯುತ್ತಿದೆ, ಓದುಗರು ಕಾಯುತ್ತಿದ್ದಾರೆ, ಬೇಗ ಹೇಳಿ ಮುಗಿಸಲಿ. ಮುಂದಿನ ಸೀಟಿಗೆ ಬಗ್ಗಿ ಕೈ ಚಾಚಿದೆ. ಕೈ ಸ್ಟೇರಿಂಗಿನ ನಡುವೆ ಹಾರ್ನಿನ ಮೇಲೆ ಹೋಗಿ ಕೂತಿತ್ತು. ಅದನ್ನು ನೋಡಿ ನನಗೇ ನಾಚಿಕೆಯಾಯಿತು.

ಒಳಗೆ ಚೌಡಕ್ಕ ಒಂದು ಗಳಿಗೆ ತಲೆಯೆತ್ತಿದಳು. "ಗಾಡಿಯಾಗೆ ಯಾರೋ ಕುಂತಂಗೈತಲ್ಲೇ."

"ಕಥೆ ಬರೆಯೋರು. ಕೂತಿರ್ಲಿ ಬಿಡು, ನೀನು ಹೇಳು."

ಕೈ ತೆಗೆದೆ. ಶಿವಲೀಲಾ ಎದ್ದುಬಂದು, ವೈರು ನಲುಗದಷ್ಟು ಸಂದಿ ಬಿಟ್ಟು, ಬಾಗಿಲು ಮುಂದೆ ಮಾಡಿಕೊಂಡರು. ಮೀಟರಿನಲ್ಲಿ ಚಾರ್ಜು ಇಪ್ಪತ್ತನಾಲ್ಕು ಆಯಿತು.