ಕೊಸರಿಗೆ ಕೊಟ್ಟ ಎಣ್ಣೆ

ಮಲೇಷ್ಯಾದ ಗಡಿಗೆ ಹತ್ತಿರವಿರುವ ಥಾಯ್ಲೆಂಡಿನ ಹಾಟ್ ಯಾಯ್ ಮಾರುಕಟ್ಟೆಯಲ್ಲಿ ಕೊಸರು ಹಾಕದ ಅಂಗಡಿಗೆ ಗಿರಾಕಿ ಮತ್ತೆ ಬರುವುದಿಲ್ಲ. ವಿಲಾಯ್ ತನ್ನ ಮುಲಾಮಿನ ಅಂಗಡಿಯಲ್ಲಿ ಹುಣಸೆ ಮಿಠಾಯಿ ಹಾಕಿಕೊಡುತ್ತಿದ್ದಳು. ಆ ಶನಿವಾರ ಊಟ ಮುಗಿಸಿ ಬಂದಾಗ ಮಿಠಾಯಿ ಡಬ್ಬಿ ತುಂಬಿಯೇ ಇತ್ತು. ಗಾಂಜಾ ಗಿಡದಿಂದ ತೆಗೆದ ಸಿಬಿಡಿ ಎಣ್ಣೆಯ ಪುಟ್ಟ ಸೀಸೆಗಳ ಬುಟ್ಟಿ ಅರ್ಧ ಖಾಲಿಯಾಗಿತ್ತು.

ಯಾರಿಗೆ ಕೊಟ್ಟೆ ಎಂದು ತಮ್ಮ ಥನೋಮ್‌ನನ್ನು ಕೇಳಿದಳು.

"ಬಂದೋರಿಗೆಲ್ಲ. ಅವಧಿ ಮುಗೀತಾ ಬಂದಿತ್ತಲ್ಲಕ್ಕ. ಈಗಷ್ಟೇ ಮಂಡಿನೋವಿನ ಮಲೇಷ್ಯಾದ ಅಜ್ಜಿಗೂ ಹಾಕ್ದೆ."

ವಿಲಾಯ್ ಹಣೆ ಚಚ್ಚಿಕೊಂಡಳು. ಎಷ್ಟು ಸಲ ಹೇಳಿದ್ದಳು! ಥಾಯ್ಲೆಂಡಿನಲ್ಲಿ ನಶೆಯ ಅಂಶ ಮಿತಿಯೊಳಗಿದ್ದು ನೋಂದಣಿಯಾಗಿದ್ದರೆ ಮಾರಬಹುದು. ಗಡಿಯಾಚೆ ಮಲೇಷ್ಯಾದಲ್ಲಿ ಅನುಮತಿಯಿಲ್ಲದೆ ಇಟ್ಟುಕೊಂಡರೆ ಜೈಲಿಗೂ ಹೋಗಬೇಕಾದೀತು. ಥನೋಮ್‌ನದು ಅದೇ ಹಳೆಯ ವಾದ: ನಶೆ ಏರದ ವಸ್ತು, ನೋವಿದ್ದವರು ಕೇಳಿ ಒಯ್ಯುತ್ತಾರೆ, ಒಂದು ಗೆರೆ ದಾಟಿದ ಕೂಡಲೇ ಅಪರಾಧವಾಗುವುದು ಯಾವ ನ್ಯಾಯ?

"ಗಡೀಲಿ ನಿಂತು ನ್ಯಾಯ ಕೇಳ್ಬೇಕಾದೋಳು ಆ ಅಜ್ಜಿ, ನೀನಲ್ಲ. ನೀನು ಇಲ್ಲಿ ಫ್ಯಾನ್ ಕೆಳಗೆ ಕೂತಿರ್ತೀಯ."

"ಮುದುಕಿ ಚೀಲ ಯಾರು ನೋಡ್ತಾರೆ?"

"ಗಡಿ ಪೊಲೀಸರ ನಾಯಿ ನೋಡಲ್ಲಪ್ಪ, ಮೂಸತ್ತೆ. ನಡಿ."

ಮಲೇಷ್ಯಾದ ಪ್ರವಾಸಿಗರು ಇಳಿಯುವ ಹೋಟೆಲಿನ ಮುಂದೆ ಗಡಿಗೆ ಹೊರಟ ವ್ಯಾನ್ ಆಗಲೇ ಚಾಲೂ ಆಗಿತ್ತು. ವಿಲಾಯ್ ಸೀಸೆ ಕೇಳಿದಾಗ ರೊಕಿಯಾ ಎಂಬ ಆ ಅಜ್ಜಿಯ ಮುಖ ಸಪ್ಪಗಾಯಿತು.

"ಕೊಟ್ಟಿದ್ದನ್ನ ವಾಪಸ್ ಕೇಳೋಕೆ ಓಡಿಬಂದ್ಯಾ ತಾಯಿ?"

ಯಾರೋ ನಕ್ಕರು. ವಿಲಾಯ್ ಎಲ್ಲರೆದುರೇ ತಪ್ಪು ತನ್ನ ಅಂಗಡಿಯದು ಎಂದು ಒಪ್ಪಿಕೊಂಡು, ಆ ಎಣ್ಣೆ ಗಡಿಯಲ್ಲಿ ಸಿಕ್ಕಿದರೆ ಏನಾದೀತೆಂದು ಬಿಡಿಸಿ ಹೇಳಿದಳು. ನಗು ನಿಂತಿತು. ಹಿಂದಿನ ಸೀಟಿನವನೊಬ್ಬ ತನ್ನ ಜೇಬಿನ ಸೀಸೆಯನ್ನು ಮುಂದಕ್ಕೆ ದಾಟಿಸಿದ.

ರೊಕಿಯಾ ಮುಲಾಮಿನ ಚೀಲವನ್ನೆಲ್ಲ ಕೊಡವಿದರು. ಸೀಸೆ ಇರಲಿಲ್ಲ.

"ಒಡೆದುಹೋಗತ್ತೆ ಅಂತ ಮಗೂ ಬ್ಯಾಗಲ್ಲಿ ಇಟ್ಟೆ," ಎಂದರು.

ಮೊಮ್ಮಗಳು ಗುಲಾಬಿ ಬಣ್ಣದ ಬ್ಯಾಗನ್ನು ಅಪ್ಪಿಕೊಂಡು ನಿದ್ದೆ ಹೋಗಿದ್ದಳು. ಅಲ್ಲಿಯವರೆಗೂ ಹೊರಗೆ ಗೊಣಗುತ್ತ ನಿಂತಿದ್ದ ಥನೋಮ್ ಒಳಗೆ ಹತ್ತಿದ. ಮಗು ಎಚ್ಚರಗೊಳ್ಳದಂತೆ ಅದರ ಕೈ ಸರಿಸಿ, ಜಿಪ್ ಎಳೆದು, ಕಾಲುಚೀಲಗಳ ನಡುವೆ ಬೆರಳಾಡಿಸಿದ. ಸೀಸೆ ಸಿಕ್ಕಿತು. ಬ್ಯಾಗಿನ ಮೇಲೆ ದಪ್ಪ ಅಕ್ಷರಗಳಲ್ಲಿ ಮಗುವಿನ ಹೆಸರಿತ್ತು. ಅವನು ಅದನ್ನು ಎರಡು ಸಲ ಓದಿ ಜಿಪ್ ಮುಚ್ಚಿದ.

ಕೆಳಗಿಳಿದವನು ಅಕ್ಕನ ಮುಖ ನೋಡಲಿಲ್ಲ. ಬೆಳಗಿನಿಂದ ಯಾರ‍್ಯಾರಿಗೆ ಕೊಟ್ಟಿದ್ದನೋ ಅವನಿಗೇ ನೆನಪಿರಲಿಲ್ಲ. ಗಡಿಗೆ ಹೊರಡಲು ಹಿಂದೆ ನಿಂತಿದ್ದ ಇನ್ನೊಂದು ವ್ಯಾನಿನ ಬಳಿ ಹೋಗಿ ಬಾಗಿಲು ತಟ್ಟಿದ.