ಅಣಬೆ ಯಾವ ಕಡೆ

ಪುಟ್ಟಮಲ್ಲಮ್ಮ ಸೊಸೆಯಾಗಿ ಬಂದ ಮೊದಲ ಮಳೆಗಾಲದಲ್ಲೇ ನಾನು ಅವಳನ್ನು ಒಲೆಯ ಮುಂದಿನಿಂದ ಎಬ್ಬಿಸಿದೆ.

ಅವಳ ತವರು ಕಾಡಂಚಿನ ಹೂಗ್ಯಂ. ನಮ್ಮವರೇ, ಲಿಂಗ ಕಟ್ಟಿದವರೇ. ಆದರೆ ಅಲ್ಲಿ ಗುಡುಗಿದ ಮರುದಿನ ಹುತ್ತದ ಸುತ್ತ ಏಳುವ ಅಣಬೆಯನ್ನು ಸಾರು ಮಾಡಿ ಉಣ್ಣುತ್ತಾರೆ. ಮಧುವನಹಳ್ಳಿಯ ನಮ್ಮ ಮನೆಯಲ್ಲಿ ಅಣಬೆ ಎಂದರೆ ಮಾಂಸ. ನನ್ನ ಅತ್ತೆ ಹಾಗೆಂದಿದ್ದರು, ನಾನು ನಂಬಿದ್ದೆ. ಬೇಯುವಾಗಿನ ವಾಸನೆಯೂ ಹಾಗೇ ಅಲ್ಲವೇ?

ಅಂದು ನಾನು ಹೊಲದಿಂದ ಬರುವಾಗ ಆ ವಾಸನೆ ಹಿತ್ತಲಿನವರೆಗೂ ಬಂದಿತ್ತು. ಮಡಕೆಯನ್ನು ತಿಪ್ಪೆಗೆ ಎಸೆದೆ. ಒಲೆ ಒಡೆದು ಹೊಸ ಮಣ್ಣಿನಲ್ಲಿ ಕಟ್ಟಿದೆ. ಬೀದಿಗೆಲ್ಲ ಕೇಳುವಂತೆ, "ಮಾಂಸ ಬೇಯ್ಸಿದ್ ಕೈ ಇನ್ನು ನನ್ ಅಡಿಗೆಮನೆ ಒಸ್ಲು ದಾಟ್ಕೂಡ್ದು" ಎಂದೆ. ಮಗ ಕೆಂಪನಂಜಪ್ಪ ತಲೆ ತಗ್ಗಿಸಿಕೊಂಡು ಎತ್ತಿಗೆ ನೀರು ಕುಡಿಸಲು ಹೋದ.

ಹನ್ನೊಂದು ವರ್ಷ. ಕಸ ಗುಡಿಸಿದಳು, ಕೊಟ್ಟಿಗೆ ಬಳಿದಳು, ಎರಡು ಹೆತ್ತಳು. ಒಲೆ ಮಾತ್ರ ಮುಟ್ಟಲಿಲ್ಲ. ಹೊಸ್ತಿಲಾಚೆ ಕೂತು ನಾನು ಬಡಿಸಿದ್ದನ್ನು ಉಣ್ಣುತ್ತಿದ್ದಳು.

ಊರ ಚಾವಡಿಯಲ್ಲಿ ದೊಡ್ಡವರಿಗೆ ರಾತ್ರಿ ಶಾಲೆ ಶುರುವಾದಾಗ ನನಗೆ ಐವತ್ತೆಂಟು. ಕೊಳ್ಳೇಗಾಲದಿಂದ ಸದಾಶಿವಪ್ಪ ಮೇಷ್ಟ್ರು ಸೈಕಲ್ಲಿನಲ್ಲಿ ಬರುತ್ತಿದ್ದರು. ಅಕ್ಷರ ಕೂಡಿಸಿ ಓದುವುದು ಬಂದ ಮೇಲೆ ಒಂದು ದಿನ ಕುಕ್ಕೆ ತಂದು ನಮ್ಮ ಮುಂದೆ ಸುರಿದರು: ಬೇವಿನ ಸೊಪ್ಪು, ರೇಷ್ಮೆಗೂಡು, ಬಸವನಹುಳು, ಕೋಳಿಪುಕ್ಕ, ಪಾಚಿ, ಒಂದು ಅಣಬೆ.

ಆಗಿನ ಪಾಠದ ಪ್ರಕಾರ ಜೀವ ಇರುವುದನ್ನೆಲ್ಲ ವಿಜ್ಞಾನಿಗಳು ಎರಡು ಸಾಮ್ರಾಜ್ಯ ಮಾಡಿದ್ದರಂತೆ, ಒಂದು ಪ್ರಾಣಿಗಳದು, ಒಂದು ಸಸ್ಯಗಳದು. ಅದರೊಳಗೆ ವರ್ಗ, ವರ್ಗದೊಳಗೆ ಕುಟುಂಬ, ಹೀಗೆ ಕಿರಿದಾಗುತ್ತಾ ಹೋಗುತ್ತದೆ. ಬಾವಲಿ ಹಕ್ಕಿಯಲ್ಲ, ಮರಿಗೆ ಹಾಲೂಡುವುದರಿಂದ ಹಸುವಿನ ವರ್ಗಕ್ಕೇ ಸೇರಿದ್ದು ಎಂದರು.

"ಅಂಗಾರೆ ಚೊಂಬ್ ತಕಂಡು ಆಲದ್ ಮರ ಅತ್ತನಾ ಸಾ, ಬಾವ್ಲಿ ಕರಕಳಕೆ?" ಎಂದಳು ಪಕ್ಕದ ಮನೆಯ ಚಿಕ್ಕಬಸಮ್ಮ. ಮೇಷ್ಟ್ರೂ ನಕ್ಕರು.

ಸುರಿದದ್ದನ್ನು ವಿಂಗಡಿಸಲು ನನ್ನನ್ನು ಕರೆದರು. ಅಣಬೆಯನ್ನು ಸೆರಗಿನ ತುದಿಯಲ್ಲಿ ಹಿಡಿದು ಬಸವನಹುಳುವಿನ ಪಕ್ಕ ಇಟ್ಟೆ.

"ಅದ್ಯಾಕಮ್ಮ ಪ್ರಾಣಿ ಕಡೆ ಇಟ್ರಿ?"

"ಮಾಂಸ ಅಲ್ವಾ ಸಾ?"

"ಇದಕ್ಕೆ ಬಾಯಿದೆಯಾ? ಓಡಾಡ್ತದಾ? ಸಸ್ಯದ ಕಡೆಯದು ಇದು. ಎಲೆಯಿಲ್ಲ, ಹಸಿರಿಲ್ಲ, ಅದಕ್ಕೇ ಅಲ್ಲಿ ಇದಕ್ಕೆ ಬೇರೆ ಗುಂಪು. ಉಪ್ಪಿನಕಾಯಿ ಜಾಡಿಯಲ್ಲಿ ಬೂಷ್ಟು ಕಟ್ತದಲ್ಲ, ಅದೂ ಇದೇ ಗುಂಪು. ಇದರ ದಾಯಾದಿ."

ಚಿಕ್ಕಬಸಮ್ಮ ಬಿಡುತ್ತಾಳೆಯೇ? "ಅಯ್, ಚನ್ನಾಜಕ್ಕ! ವರ್ಸೆಲ್ಲ ದಾಯಾದೀನ ತೆಗ್ದಾಕಿ ಉಪ್ಪಿನ್ಕಾಯಿ ಉಂಡೋಳು ನೀನು. ನಿನ್ ಸೊಸೆ ಒಂದೇ ಒಂದ್ ದಿನ ಬೇಯ್ಸುದ್ಲು, ಪಾಪ."

ಎಲ್ಲರೂ ನಕ್ಕರು. ನಾನು ಅಣಬೆಯನ್ನು ಎತ್ತಿ ಬೇವಿನ ಸೊಪ್ಪಿನ ಪಕ್ಕಕ್ಕಿಟ್ಟೆ.

ಮನೆಗೆ ಬಂದಾಗ ಪುಟ್ಟಮಲ್ಲಮ್ಮ ಎಂದಿನಂತೆ ಕೇಳಿದಳು: "ಇವತ್ತೇನ್ ಏಳ್ಕೊಟ್ರು ಅತ್ತೆ?" ನಾನು ಕಲಿತದ್ದನ್ನು ಅವಳಿಗೆ ಹೇಳುವುದು ವಾಡಿಕೆ.

"ಲೆಕ್ಕ" ಎಂದೆ.

ಎರಡು ತಿಂಗಳು ಬಾಯಿ ಬಿಡಲಿಲ್ಲ. ಬಡಿಸುವಾಗ ಅವಳ ಮುಖ ನೋಡದೆ ಮುದ್ದೆ ಇಟ್ಟು ಒಳಗೆ ಬರುತ್ತಿದ್ದೆ. ಹೇಳಿದರೆ ನನ್ನ ಹಿರೀತನ ಏನಾಗುತ್ತದೆ ಎಂಬ ಭಯ ನನಗೆ. ಅವಳು ಹೊಸ್ತಿಲಾಚೆ ಕೂತಿದ್ದು ಅದಕ್ಕಿಂತ ಹಗುರವಾಗಿ ಕಂಡಿತ್ತು. ಈಗ ಬರೆಯಲೂ ನಾಚಿಕೆಯಾಗುತ್ತದೆ.

ಒಂದು ಸಂಜೆ ಜೋರು ಗುಡುಗಿತು. ಬೆಳಿಗ್ಗೆ ಮೆದೆಯ ಹಿಂದಿನ ಹುತ್ತದ ಸುತ್ತ ಬೆಳ್ಳಗೆ ಎದ್ದಿದ್ದವು. ಮಡಿಲ ತುಂಬ ಕಿತ್ತು ತಂದು ಹೊಸ್ತಿಲ ಮೇಲೆ ಹಾಕಿದೆ.

"ಮೇಷ್ಟ್ರು ಇದ್ನ ಗಿಡದ್ ಕಡೀಕ್ ಆಕವ್ರೆ. ತಪ್ಪು ನಂದೇ ಕಣವ್ವ. ಒಳಿಕ್ ಬಾ, ಒಲೆ ಅಚ್ಚು."

ಅವಳು ಅಣಬೆ ನೋಡಿದಳು, ನನ್ನನ್ನು ನೋಡಿದಳು. "ಯಾವಾಗ್ ಏಳುದ್ರು?"

"ಎಲ್ಡ್ ತಿಂಗ್ಳಾಯ್ತು."

ಒಂದು ಅಣಬೆ ಎತ್ತಿ ಮಣ್ಣು ಕೊಡವುತ್ತಾ ಕೇಳಿದಳು: "ಮೇಷ್ಟ್ರು ಪ್ರಾಣಿ ಕಡೆ ಅಂದಿದ್ರೆ? ಸಾಯೋಗಂಟ ನಾನು ಇಲ್ಲೇ ಕೂತಿರ್ಬೇಕಿತ್ತಾ ಅತ್ತೆ?"

ನಾನು ಬಗ್ಗಿ, ಹೊಸ್ತಿಲ ಮೇಲಿನ ಅಣಬೆಗಳನ್ನು ಒಳಕ್ಕೆ ಸರಿಸಿ ಅವಳಿಗೆ ದಾರಿ ಬಿಟ್ಟೆ.

ಅವಳು ಸೀರೆ ಎತ್ತಿ ಕಟ್ಟಿ ಹೊಸ್ತಿಲು ದಾಟಿದಳು. ಆ ಒಲೆಗೆ ಗಾಳಿ ಯಾವ ಕಡೆಯಿಂದ ಬರುತ್ತದೆಂದು ತಿಳಿಯದೆ ಮೂರು ಸಲ ಊದಿದಳು. ಹೊಗೆಗೆ ಕೆಮ್ಮಿದಳು. ಬೆಂಕಿ ಹತ್ತಿತು. ಅಣಬೆ ಬಿಡಿಸಿ ಮಡಕೆಗೆ ಹಾಕಿ, ಅತ್ತಿತ್ತ ನೋಡಿ, ನೆಂಟರ ಮನೆಗೆ ಬಂದವರ ಹಾಗೆ ಮೆಲ್ಲಗೆ ಕೇಳಿದಳು:

"ಉಪ್ಪಿನ್ ಗಡ್ಗೆ ಎಲ್ಲೈತೆ ಅತ್ತೆ?"

ಉಪ್ಪು ಸಾಲ ಕೇಳಲು ಬರುವ ಚಿಕ್ಕಬಸಮ್ಮನಿಗೂ ಅದರ ಜಾಗ ಗೊತ್ತಿತ್ತು. ನಾನು ತಲೆ ಎತ್ತದೆ ಬಾಗಿಲ ಹಿಂದಿನ ಗೂಡಿನ ಕಡೆ ಕೈ ತೋರಿಸಿದೆ.